ಬೇಡಿಕೆ ಇಲ್ಲದ ಅರ್ಜಿ

ನನ್ನ ಗಂಡ ಶ್ರೀಲಂಕಾದಲ್ಲಿ ಸತ್ತ. ಪಾಕಿಸ್ತಾನದ ಗಡಿಯಲ್ಲಲ್ಲ, ಚೀನಾದ ಗಡಿಯಲ್ಲಲ್ಲ. ಸಮುದ್ರ ದಾಟಿ ಹೋಗಿ, ಇನ್ನೊಬ್ಬರ ದೇಶದಲ್ಲಿ, ಇನ್ನೊಬ್ಬರ ಜಗಳದಲ್ಲಿ ಸತ್ತ. ಆಗ ಅವನಿಗೆ ಇಪ್ಪತ್ತೊಂಬತ್ತು, ನನಗೆ ಇಪ್ಪತ್ತಮೂರು. ಈಗ ನಮ್ಮ ಮಗಳೇ ಅವನಿಗಿಂತ ದೊಡ್ಡವಳು. ಹಾಗಾಗಿ ಗಂಡನಿಗೆ ಹಚ್ಚಬೇಕಾದ ಬಹುವಚನವನ್ನು ನಾನು ಯಾವಾಗಲೋ ಬಿಟ್ಟಿದ್ದೇನೆ. ಯಾರಿಗಾದರೂ ಬೇಜಾರಾದರೆ ಆಗಲಿ.

ನಾನು ಸಾಲೆಯಲ್ಲಿ ಕಲಿತದ್ದು ಎರಡನೇ ಇಯತ್ತೆ. ಉಳಿದ ಅಕ್ಷರಗಳನ್ನು ಮಗಳ ಪುಸ್ತಕ ನೋಡಿ ಕಲಿತೆ. ಓದುವುದು ನಿಧಾನ, ಬರೆಯುವುದು ಅದಕ್ಕಿಂತ ನಿಧಾನ. ಆದರೂ ಇದನ್ನು ಬೇರೆಯವರ ಕೈಯಲ್ಲಿ ಬರೆಸಿಲ್ಲ. ಬರೆಸಿದರೆ ಏನಾಗುತ್ತದೆ ಎಂದು ಒಮ್ಮೆ ನೋಡಿದ್ದೇನೆ, ಅದನ್ನೇ ಹೇಳಲು ಕೂತದ್ದು.

ಟಿಕೋಟಾ ನನ್ನ ತವರು. ಕೊಟ್ಟದ್ದು ಬಬಲೇಶ್ವರದ ಕಡೆಯ ಒಂದು ಹಳ್ಳಿಗೆ. ಗಂಡ ಸೈನ್ಯದಲ್ಲಿದ್ದ. ವರ್ಷಕ್ಕೊಮ್ಮೆ ಬರುತ್ತಿದ್ದ, ಬಂದಾಗ ಊರ ಮಂದಿಯನ್ನೆಲ್ಲ ಕೂತಲ್ಲಿ ಕೂರಲು ಬಿಡದಷ್ಟು ಮಾತಾಡುತ್ತಿದ್ದ. ಕೊನೆಯ ರಜೆಯಲ್ಲಿ, ಲಂಕೆಗೆ ಹೋಗಬೇಕಾಗಿದೆ ಎಂದ.

"ಅಲ್ಲಿ ನಿಮಗೇನ್ ಕೆಲಸ?" ಎಂದು ಕೇಳಿದೆ. ಆಗ ಬಹುವಚನ ಇತ್ತು.

"ಶಾಂತಿ ಕಾಯಾಕ ಹೊಂಟೀವಿ."

"ಬಂದೂಕ ತಗೊಂಡು?"

"ಬರೇ ಕೈಲೆ ಹೋದ್ರ ಶಾಂತಿ ಮಾತ ಕೇಳ್ತದೇನ ಹುಚ್ಚಿ?" ಎಂದು ನಕ್ಕ. ನಾನೂ ನಕ್ಕೆ. ರೊಟ್ಟಿ ತಟ್ಟುತ್ತಿದ್ದೆ, ಆ ಮಾತು ಅಲ್ಲಿಗೇ ಮುಗಿಯಿತು.

ಆಮೇಲೆ ಎರಡು ಪತ್ರ ಬಂದವು, ಮೂರನೆಯದು ತಂತಿ. ಹೆಣ ಬರಲಿಲ್ಲ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣು ಕೊಡುತ್ತೇವೆ. ಅವನನ್ನು ಅಲ್ಲೇ ಸುಟ್ಟರು ಎಂದು ತಿಳಿಯಿತು. ನನ್ನ ಮಾವ ನಾಲ್ಕು ದಿನ ಹೊರಸಿನ ಮೇಲೆ ಕೂತು "ಸುಟ್ರಂತ, ಸುಟ್ರಂತ" ಎನ್ನುತ್ತಿದ್ದರು, ಬೇರೆ ಮಾತೇ ಇಲ್ಲ. ತಿಂಗಳಾದ ಮೇಲೆ ಒಂದು ಕಬ್ಬಿಣದ ಟ್ರಂಕು ಬಂತು. ಅದರೊಳಗಿನ ಬೂಟುಗಳು ಗಂಡನವಲ್ಲ, ಯಾರವೋ, ಅವನ ಕಾಲಿಗಿಂತ ಎರಡು ಬೆರಳು ಉದ್ದ. ಮಾವನಿಗೆ ಸರಿಹೋದವು. ಹೊಲಕ್ಕೆ ಹೋಗುವಾಗ ಹರಿಯುವ ತನಕ ಹಾಕಿಕೊಂಡರು.

ಪಿಂಚಣಿ ಬಂತು. ಇಲ್ಲ ಎನ್ನುವುದಿಲ್ಲ. ನಾನು ಮಗಳನ್ನು ಕಟ್ಟಿಕೊಂಡು ತವರಿಗೆ ಬಂದೆ. ಟಿಕೋಟಾದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡುಗಳು ಎದ್ದವು. ಒಣದ್ರಾಕ್ಷಿಯ ಕಡ್ಡಿ ಬಿಡಿಸುತ್ತ, ಕರಿದು ಬಿಳಿದು ಬೇರೆ ಮಾಡುತ್ತ ವರ್ಷಗಳು ಹೋದವು. ಮೂವತ್ತೈದಕ್ಕೂ ಹೆಚ್ಚು ವರ್ಷ ನಾನು ಯಾರನ್ನೂ ಏನೂ ಕೇಳಲಿಲ್ಲ. ಅಂಜಿಕೆಯಿಂದಲ್ಲ. ಕೇಳಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ವಿಜಯಪುರದ ಜಲನಗರದಲ್ಲಿ, ಮಗಳ ಮನೆಯಲ್ಲಿ. ಈಗ ನಾನು ಅಲ್ಲೇ ಇರುವುದು. ಮೊಮ್ಮಗಳು ಸರಕಾರಿ ಸಾಲೆಯಲ್ಲಿ ಹೊಸದಾಗಿ ಶಿಕ್ಷಕಿಯಾಗಿದ್ದಾಳೆ. ಒಂದು ಮುಂಜಾನೆ ನಾನು ಮೆಂತೆಪಲ್ಲೆ ಸೋಸುತ್ತಿದ್ದೆ, ಅವಳು ಮೊಬೈಲಿನಲ್ಲಿ ಏನೋ ನೋಡುತ್ತಿದ್ದಳು. ಸೂಟು ಹಾಕಿದ ಒಬ್ಬ ಮುದುಕ ಮೇಜಿನ ಹಿಂದೆ ಕೂತು ನೀರು ಕುಡಿಯುತ್ತಿದ್ದ.

"ಯಾರವ?"

"ಒಂದ್ ದೇಶಾ ಆಳಿದಾಂವ ಆಯಿ. ಪರದೇಶದ ಯುದ್ಧಕ್ಕ ಬಾಳ ವರ್ಷ ಸೈನ್ಯ ಕಳಿಸಿದ್ನಂತ. ಯಾಕ ಕಳಿಸಿದಿ ಅಂತ ಈಗ ಕೇಳಾಕತ್ತಾರ."

"ಯಾರು?"

"ಒಂದು ಸಮಿತಿ ಮಾಡ್ಯಾರ. ಹಿಂದ ನೋಡು, ಸತ್ತ ಸಿಪಾಯಿಗಳ ಅವ್ವಂದಿರು, ಹೆಂಡಂದಿರು ಕುಂತಾರ."

ನಾನು ಸೊಪ್ಪು ಬಿಟ್ಟು ಮೊಬೈಲು ಇಸಿದುಕೊಂಡೆ. ಹೌದು, ಕೂತಿದ್ದರು. ಅಳುತ್ತಿರಲಿಲ್ಲ, ಚೀರುತ್ತಿರಲಿಲ್ಲ. ಅವನ ಬಾಯಿಯನ್ನೇ ನೋಡುತ್ತಿದ್ದರು.

"ಅಂವ ಏನಂದ?"

"ಅವತ್ತ ನನಗ ಗೊತ್ತಿದ್ದಿದ್ದು ಅಷ್ಟ, ಅಂದಾನಂತ."

"ಜೇಲಿಗೆ ಹೋಗ್ತಾನ?"

"ಇಲ್ಲ ಬಿಡು. ಬರೇ ಕೇಳ್ತಾರ."

ಬರೀ ಕೇಳುತ್ತಾರೆ! ನನಗೆ ಅಷ್ಟೇ ಸಾಕಾಗಿತ್ತು. ಜೇಲು ಬೇಕಿರಲಿಲ್ಲ. ನನ್ನ ಗಂಡನನ್ನು ಕಳಿಸಿದವರಲ್ಲಿ ಉಳಿದ ಒಬ್ಬನನ್ನಾದರೂ ನಾಲ್ಕು ಮಂದಿಯ ಎದುರು ಕೂರಿಸಿ, ಯಾಕೆ ಕಳಿಸಿದಿರಿ ಎಂದು ಕೇಳಬೇಕು. ಅವನು ಬಾಯಿ ಬಿಡುವುದನ್ನು ನಾನು ನೋಡಬೇಕು. ಅವರೂ ಮುದುಕರಾಗಿದ್ದಾರೆ, ನಾನೂ ಮುದುಕಿಯಾಗಿದ್ದೇನೆ, ತಡ ಮಾಡುವಂತಿರಲಿಲ್ಲ.

ಮೊದಲು ಬಬಲೇಶ್ವರಕ್ಕೆ ಹೋದೆ. ಗಂಡನ ಜೊತೆ ಲಂಕೆಯಲ್ಲಿದ್ದ ಹವಾಲ್ದಾರ ಅಲ್ಲಿದ್ದಾನೆ. ನಿವೃತ್ತನಾಗಿ ಮಗನ ಹಿಟ್ಟಿನ ಗಿರಣಿಯಲ್ಲಿ ಕೂರುತ್ತಾನೆ. ಮೀಸೆಯ ಮೇಲೆಲ್ಲ ಜೋಳದ ಹಿಟ್ಟು. ನನ್ನನ್ನು ನೋಡಿ ಗಿರಣಿ ಬಂದ್ ಮಾಡಿದ.

"ಬರ್ರಿ ವೈನಿ. ಇಷ್ಟ್ ವರ್ಷಕ್ಕ ದಾರಿ ತಪ್ಪಿತೇನ್ರಿ?"

"ತಪ್ಪಿಲ್ಲ, ಹುಡಕ್ಕೊಂಡ ಬಂದೀನಿ. ಅಂವ ಹ್ಯಾಂಗ ಸತ್ತ ಹೇಳ್ರಿ."

ಅವನು ಟವೆಲಿನಿಂದ ಮೀಸೆಯ ಹಿಟ್ಟು ಒರೆಸಿಕೊಂಡ. ಆಮೇಲೆ ಹೇಳಿದ.

"ನಾವು ಹೋಗಿ ಇಳದಾಗ ಅಲ್ಲಿ ತಮಿಳ ಮಂದಿ ನಮಗ ಹಾರ ಹಾಕಿದ್ರು ವೈನಿ, ಎಳನೀರ ಕುಡಿಸಿದ್ರು. ತಿಂಗಳೆರಡ ತಿಂಗಳಾತು, ಅವ್ರೇ ಗುಂಡ ಹೊಡ್ಯಾಕ ಹತ್ತಿದ್ರು. ಅವರಿಗೆ ಬಂದೂಕ ಹಿಡಿಯೂದು ಕಲಿಸಿದವ್ರು ನಮ್ಮವ್ರ ಅಂತ ಆಮ್ಯಾಲ ತಿಳೀತು. ಕೈಯಾಗ ಒಂದು ಸರಿಯಾದ ನಕಾಶಿ ಇರಲಿಲ್ಲ. ರಸ್ತಾದಾಗ ಸ್ಫೋಟಕ ಹುಗಿದಿಟ್ಟಿದ್ರು. ಅಂವಾ ಮುಂದಿನ ಲಾರ್ಯಾಗಿದ್ದ, ನಾ ಹಿಂದಿನ ಲಾರ್ಯಾಗಿದ್ನಿ."

"ಮುಂದ?"

"ಮುಂದೇನ್ರಿ. ಆರಿಸಿ ಕೂಡಿಸಿದಷ್ಟ ಸುಟ್ಟಿವಿ. ಸಂಜೀಕ ಬಾಜೂ ಹಳ್ಳಿಗೆ ಹೋದ್ವಿ."

"ಯಾಕ?"

"ಅದನ್ನ ಕೇಳಬ್ಯಾಡ್ರಿ."

ನಾನು ಕೇಳಲಿಲ್ಲ. ಅವನೇ ಒಂದು ಮಾತು ಸೇರಿಸಿದ, "ಆ ಹಳ್ಯಾಗೂ ನಿಮ್ಮಂಥಾಕಿ ಒಬ್ಬಾಕಿ ಕುಂತಿರ್ತಾಳ್ರಿ ಇವತ್ತ."

ನಾನು ಬಂದ ಕೆಲಸ ಹೇಳಿದೆ. ಅರ್ಜಿ ಕೊಡುತ್ತೇನೆ, ನೀವೂ ಸಹಿ ಹಾಕಿ, ಆಗ ಆಳಿದವರನ್ನು ಕೇಳೋಣ ಎಂದೆ. ಅವನು ತಲೆ ಅಲ್ಲಾಡಿಸಿದ.

"ನಾ ಸಹಿ ಮಾಡಂಗಿಲ್ಲ."

"ಬಂದೂಕ ಹಿಡದಾವ್ರಿಗೆ ಪೆನ್ನ ಹಿಡ್ಯಾಕ ಅಂಜಿಕಿ ಏನ್?"

"ಹೌದ್ರಿ ಅಂಜಿಕಿ. ಯಾಕ ಕಳಿಸಿದ್ರಿ ಅಂತ ನಾವು ಅವರನ್ನ ಕೇಳಿದ್ರ, ಹೋಗಿ ಏನ್ ಮಾಡಿಬಂದಿ ಅಂತ ಅವ್ರು ನನ್ನ ಕೇಳ್ತಾರ. ನಾ ಏನ್ ಹೇಳ್ಲಿ?"

ಚಹಾ ಕೊಟ್ಟ, ಕುಡಿದೆ. ಗಿರಣಿ ಮತ್ತೆ ಶುರುವಾಯಿತು. ಆ ಸದ್ದಿನಲ್ಲಿ ಅವನು ಇನ್ನೇನೋ ಅಂದ, ನನಗೆ ಕೇಳಿಸಲಿಲ್ಲ, ಅವನು ಮತ್ತೆ ಹೇಳಲೂ ಇಲ್ಲ.

ಅರ್ಜಿ ಬರೆಸಲು ಮೊಮ್ಮಗಳೂ ಜೊತೆಗೆ ಬರುವುದಿಲ್ಲ ಎಂದಳು. "ನನ್ನ ನೌಕರಿ ಇನ್ನಾ ಕಾಯಂ ಆಗಿಲ್ಲ ಆಯಿ. ಸರಕಾರದ ಮ್ಯಾಲ ಅರ್ಜಿ ಅಂದ್ರ ನನ್ನ ಹೆಸರು ಎಲ್ಲಿಯರೆ ಬಂದ್ರ?" ಸರಿ ಎಂದೆ. ಅರ್ಜಿ ಬರೆಯಲು ಕೂರುವ ಮಂದಿ ಜಿಲ್ಲಾಧಿಕಾರಿ ಕಚೇರಿಯ ಹೊರಗೆ ಸಾಕಷ್ಟಿದ್ದಾರೆ. ಒಬ್ಬನೇ ಒಬ್ಬ ಬೇವಿನ ಗಿಡದ ನೆರಳಲ್ಲಿ ಕಂಪ್ಯೂಟರು ಇಟ್ಟುಕೊಂಡಿದ್ದ. ಅವನ ಹತ್ತಿರ ಕೂತೆ.

"ಹೇಳ್ ಆಯಿ. ವಿಧವಾ ಪಿಂಚಣಿ? ರೇಶನ್ ಕಾರ್ಡ? ಮನಿ?"

"ಏನೂ ಬ್ಯಾಡ. ಒಂದ್ ಮಾತ ಕೇಳಬೇಕಾಗೇದ."

"ಮಾಹಿತಿ ಕೇಳೂ ಅರ್ಜಿ? ಅದು ಬ್ಯಾರೆ."

ನಾನು ಎಲ್ಲ ಹೇಳಿದೆ. ಅವನು ಕನ್ನಡಕ ತೆಗೆದು ನನ್ನನ್ನು ನೋಡಿದ. "ದಿಲ್ಲಿ ಮಾತು, ಅದೂ ಸೈನ್ಯದ ಮಾತು. ಮಾಹಿತಿ ಅಂತ ಕೇಳಿದ್ರ ಕೊಡಾಕ ಬರಂಗಿಲ್ಲ ಅಂತ ಒಂದ್ ಸಾಲ ಬರದ ಕಳಸ್ತಾರ. ಸಾದಾ ಅರ್ಜಿ ಮಾಡೂಣು. ಇಲ್ಲಿ ಸಾಹೇಬರ ಮುಖಾಂತರ ಮ್ಯಾಲ ಹೋಗ್ಲಿ."

ಒಳ್ಳೆಯವನೇ. ನಾನು ಹೇಳಿದಂತೆಯೇ ಕುಟ್ಟಿದ. ನನ್ನ ಗಂಡನನ್ನು ಪರದೇಶದ ಯುದ್ಧಕ್ಕೆ ಯಾಕೆ ಕಳಿಸಿದಿರಿ, ಕಳಿಸಬೇಕು ಎಂದವರು ಯಾರು ಯಾರು, ಅದು ತಪ್ಪೆಂದು ತಿಳಿದ ಮೇಲೆ ತಪ್ಪು ಒಪ್ಪಿದವರು ಯಾರು, ಒಪ್ಪದಿದ್ದರೆ ಅವರನ್ನು ಕೂರಿಸಿ ಕೇಳಿರಿ, ನಾನು ಬಂದು ಹಿಂದೆ ಕೂರುತ್ತೇನೆ. ಇಷ್ಟಾದ ಮೇಲೆ ಅವನ ಕೈ ನಿಂತಿತು.

"ಬೇಡಿಕಿ ಏನಂತ ಹಾಕ್ಲಿ?"

"ಇದ ಬೇಡಿಕಿ."

"ಇದು ಪ್ರಶ್ನೆ ಆಯಿ. ಕೆಳಗ 'ಆದಕಾರಣ' ಅಂತ ಒಂದ್ ಜಾಗಾ ಇರ್ತದ, ಅಲ್ಲಿ ಏನರೆ ಕೊಡ್ರಿ ಅಂತ ಇರಬೇಕು. ಬೇಡಿಕಿ ಇಲ್ದಿದ್ರ ಅರ್ಜಿ ತಗೊಳ್ಳೂ ಆವಕದ ಟೇಬಲ್ಲಿನಾಗ ಶಿಕ್ಕಾ ಹೊಡ್ಯಂಗಿಲ್ಲ. ಯಾವ ವಿಭಾಗಕ್ಕ ಕಳಸಬೇಕಂತ ಅವರಿಗೆ ತಿಳ್ಯಾಂಗಿಲ್ಲ."

"ನನಗ ಏನೂ ಬ್ಯಾಡ ಅಂದ್ನೆಲ್ಲ."

"ಏನೂ ಬ್ಯಾಡ ಅನ್ನಾವ್ರ ಅರ್ಜಿ ಯಾರೂ ಓದಂಗಿಲ್ಲ ಬೇ. ಸುಮ್ಮ ಒಂದ್ ಸಾಲು. ನಿನ್ನ ಗಂಡನ ಹೆಸರಿಲೆ ಊರಾಗ ಒಂದ್ ಕಮಾನ ಕಟ್ಟಸ್ರಿ ಅಂತ ಹಾಕ್ತೀನಿ. ಅದನ್ನ ಯಾರೂ ಕೊಡಂಗಿಲ್ಲ. ಆದ್ರ ಶಿಕ್ಕಾ ಬೀಳ್ತದ, ಮ್ಯಾಲಿಂದು ಓದ್ಲೇಬೇಕಾಗ್ತದ."

ನನಗೆ ಅದು ಸರಿ ಎನಿಸಿತು. ಹಾಕು ಎಂದೆ. ಅವನ ಮೇಲೆ ನನ್ನ ದೂರಿಲ್ಲ, ಅವನು ನನ್ನನ್ನು ಕೇಳಿಯೇ ಹಾಕಿದ. ಹಾಕು ಎಂದವಳು ನಾನು. ಶಿಕ್ಕಾ ಬಿತ್ತು, ಶಿಕ್ಕಾ ಬಿದ್ದದ್ದಕ್ಕೆ ಖುಷಿಪಟ್ಟು ಮನೆಗೆ ಹೋದೆ.

ಏಳೆಂಟು ತಿಂಗಳು ಏನೂ ಇಲ್ಲ. ಆಮೇಲೆ ಗಂಡನ ಊರಿನಿಂದ ಒಬ್ಬ ಫೋನು ಮಾಡಿದ. ಅಲ್ಲಿನ ಪುಢಾರಿ, ದೂರದಿಂದ ನನಗೆ ಮೈದುನನಾಗಬೇಕು. "ಅತ್ತಿಗೀ, ನಿಮ್ಮ ಅರ್ಜಿ ಪಾಸ್ ಆಗೇದ!"

ಫೋನನ್ನು ಕಿವಿಗೆ ಒತ್ತಿ ಹಿಡಿದೆ. "ಯಾರನ್ನ ಕೂಡಸ್ತಾರಂತ?" ಎಂದೆ.

"ಕೂಡ್ಸೂದೇನ್ರಿ, ನಿಂದರ್ಸ್ತಾರ. ಊರ ಅಗಸಿ ಬಾಗಲಾಗ ಕಮಾನ ನಿಂದರ್ಸ್ತಾರ!"

ಊರಿಗೆ ಬಹಳ ಸಂತೋಷವಾಯಿತು. ಮಗಳಿಗೂ. ಅಪ್ಪನ ಮುಖ ನೆನಪಿಲ್ಲದವಳು ಅವಳು, ಕಮಾನು ಕಟ್ಟುವಾಗ ಎರಡು ಸಲ ಹೋಗಿ ಫೋಟೋ ತೆಗೆದುಕೊಂಡು ಬಂದಳು. ನಾನು ಬೇಡ ಎಂದು ಕೂಗಾಡಬಹುದಿತ್ತು. ಆದರೆ ಉದ್ಘಾಟನೆಗೆ ಯಾರು ಬರುತ್ತಾರೆ ಎಂದು ತಿಳಿದ ಮೇಲೆ ಸುಮ್ಮನಾದೆ. ಬರುವವರು ಹಳೆಯ ಮುಖಂಡರು. ಸೈನ್ಯ ಲಂಕೆಗೆ ಹೋದಾಗ ದಿಲ್ಲಿಯ ಸರಕಾರದಲ್ಲಿ ಇದ್ದವರು. ಅವರಿಗಾಗಲೇ ತೊಂಬತ್ತರ ಹತ್ತಿರ. ಕಮಾನು ಹಾಳಾಗಿ ಹೋಗಲಿ, ಮನುಷ್ಯ ಎದುರಿಗೆ ಬರುತ್ತಾನಲ್ಲ ಎಂದುಕೊಂಡೆ.

ಆ ದಿನ ಬೆಳಗ್ಗೆಯೇ ಹೋದೆವು. ಕಮಾನಿಗೆ ಬಣ್ಣ ಬಳಿದಿದ್ದರು. ನಾನು ಕೆಳಗೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. "ದೇಶದ ಗಡಿ ಕಾಯುತ್ತ ವೀರಮರಣ ಹೊಂದಿದ" ಎಂದಿತ್ತು, ಆಮೇಲೆ ಗಂಡನ ಹೆಸರು. ಕಟ್ಟಿಸಿದವರ ಹೆಸರುಗಳು ಅದಕ್ಕಿಂತ ದೊಡ್ಡವು.

"ಯಾವ ಗಡಿಯೋ?" ಎಂದು ಪುಢಾರಿಯನ್ನು ಕೇಳಿದೆ. "ಲಂಕಾದಾಗ ಸತ್ತಾನ ಅಂವ."

"ಲಂಕಾ ಅಂತ ಬರದ್ರ ಮಂದಿಗೆ ತಿಳ್ಯಾಂಗಿಲ್ಲ ಅತ್ತಿಗಿ. ಹನುಮಪ್ಪನ ಜೋಡಿ ಹೋಗಿದ್ನೇನು ಅಂತಾರ."

ಸುತ್ತ ನಿಂತವರು ನಕ್ಕರು. "ಅಳಿಸಿ ಬರೀರಿ," ಎಂದೆ. "ಈಗ ಸಾಹೇಬ್ರ ಗಾಡಿ ಟಿಕೋಟಾ ದಾಟೇದ, ಈಗೇನ್ ಅಳಸ್ತೀರಿ," ಎಂದು ಅವನು ಓಡಿದ.

ಸ್ಟೇಜಿನ ಮೇಲೆ ನನ್ನನ್ನು ಮುಖಂಡರ ಪಕ್ಕದಲ್ಲೇ ಕೂರಿಸಿದರು. ಇಬ್ಬರು ಹಿಡಿದು ತಂದು ಅವರನ್ನೂ ಕೂರಿಸಿದರು. ನನಗೆ ಶಾಲು ಹೊದಿಸುವಾಗ ಶಾಲಿನ ತುದಿ ಅವರ ಕೈಯಲ್ಲಿ ನಿಲ್ಲಲಿಲ್ಲ, ನಾನೇ ಹಿಡಿದುಕೊಂಡೆ. ಹಿಡಿದುಕೊಂಡು ಅವರ ಕಿವಿಯ ಹತ್ತಿರ ಹೋದೆ.

"ಲಂಕಾಕ್ಕ ನನ್ನ ಗಂಡನ್ನ ಯಾಕ ಕಳಿಸಿದ್ರಿ?"

"ಏನ್ ಬೇಕವ್ವಾ? ಪಿಂಚಣಿ ಬರ್ತದಲ್ಲ?"

"ಪಿಂಚಣಿ ಬರ್ತದ್ರಿ. ಲಂಕಾಕ್ಕ ಯಾಕ ಕಳಿಸಿದ್ರಿ ಅಂತ ಕೇಳಾಕತ್ತೀನಿ."

ಈ ಸಲ ಗಟ್ಟಿಯಾಗಿ ಅಂದೆ. ಮುಂದಿನ ಸಾಲಿನವರು ತಲೆ ಎತ್ತಿದರು. ಮುಖಂಡರ ಕಣ್ಣು ಮೊದಲ ಸಲ ನನ್ನ ಮುಖಕ್ಕೆ ಬಂತು.

"ಲಂಕಾ," ಎಂದರು. "ಅವತ್ತ ಎಲ್ಲಾರೂ ಹೂಂ ಅಂದ್ರು. ನಾನೂ ಹೂಂ ಅಂದ್ನಿ."

"ಯಾಕ?"

"ಊಹೂಂ ಅಂದಾವ್ರು ಯಾರೂ ಇರಲಿಲ್ಲವ್ವಾ."

"ತಪ್ಪಾತು ಅಂತ ಮೈಕಿನಾಗ ಹೇಳ್ರಿ. ಒಂದ ಮಾತು. ಬ್ಯಾರೆ ಏನೂ ಬ್ಯಾಡ ನನಗ."

ಅವರು ನನ್ನನ್ನೇ ನೋಡುತ್ತಿದ್ದರು. ಇಲ್ಲ ಎನ್ನಲಿಲ್ಲ. ಅಷ್ಟರಲ್ಲಿ ಹೆಸರು ಕೂಗಿದರು, ಇಬ್ಬರು ಬಂದು ಅವರನ್ನು ಎಬ್ಬಿಸಿ ಮೈಕಿನ ಮುಂದೆ ನಿಲ್ಲಿಸಿದರು. ನಾನು ಕುರ್ಚಿಯ ತುದಿಗೆ ಬಂದು ಕೂತೆ. ಮೊಬೈಲಿನಲ್ಲಿ ಕಂಡ ಆ ಹೆಂಗಸರ ಹಾಗೆ ನಾನೂ ಅವರ ಬಾಯಿಯನ್ನೇ ನೋಡಿದೆ. ಬಾಯಿ ತೆರೆದು ಸ್ವಲ್ಪ ಹೊತ್ತು ಹಾಗೇ ನಿಂತರು. ಮಾತು ಮರೆತರೇನೋ ಎಂದು ಪಕ್ಕದವನು ಒಂದು ಚೀಟಿ ಹಿಡಿದ. ಅವರು ಚೀಟಿ ನೋಡಿ ಓದಿದರು.

"ಗಡಿ ಕಾದ ಈ ಹುಲಿಯಂಥಾ ಮಗನನ್ನ ಹಡೆದ ಊರು ಇದು."

ಚಪ್ಪಾಳೆ ಬಿತ್ತು. ಮಗಳೂ ಹೊಡೆದಳು. ಮುಖಂಡರು ಕೆಳಗಿಳಿಯುವಾಗ ನನ್ನ ಕಡೆ ನೋಡಲಿಲ್ಲ. ನಾನು ಶಾಲು ತೆಗೆದು ಕುರ್ಚಿಯ ಮೇಲೆ ಇಟ್ಟೆ. ಮರೆತಿದ್ದೇನೆ ಎಂದುಕೊಂಡು ಯಾರೋ ನಾವು ಬಂದಿದ್ದ ಜೀಪಿಗೆ ತಂದುಕೊಟ್ಟರು.

ಎರಡು ವಾರಕ್ಕೆ ಕಚೇರಿಯಿಂದ ಪತ್ರ ಬಂತು. ಅರ್ಜಿದಾರರ ಬೇಡಿಕೆ ಈಡೇರಿದ್ದರಿಂದ ಕಡತವನ್ನು ಮುಕ್ತಾಯಗೊಳಿಸಲಾಗಿದೆ. ಪತ್ರ ಹಿಡಿದುಕೊಂಡು ಹೋದೆ. ಟೇಬಲ್ಲಿನಲ್ಲಿ ಒಬ್ಬ ಹೆಣ್ಣುಮಗಳಿದ್ದಳು, ಸೌಮ್ಯ ಸ್ವಭಾವದವಳು. ಕಡತ ತೆಗೆಸಿ ತೋರಿಸಿದಳು. 'ಆದಕಾರಣ' ಇದ್ದ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು. ಮೇಲೆ ನಾನು ಹೇಳಿ ಬರೆಸಿದ ಜಾಗದಲ್ಲಿ ಯಾವ ಗೆರೆಯೂ ಇರಲಿಲ್ಲ.

"ಮ್ಯಾಲ ಕಳಿಸೇ ಇಲ್ಲೇನವ್ವಾ?"

"ಇಲ್ಲೇ ಕೆಲಸ ಆತಲ್ರಿ ಅಜ್ಜೀ, ಮ್ಯಾಲ ಯಾಕ ಕಳಸ್ತಾರ?"

"ಮತ್ತೊಂದ ಕೊಟ್ರ?"

ಅವಳು ಧ್ವನಿ ಇಳಿಸಿದಳು. "ಕೊಡ್ರಿ, ತಗೋತೀನಿ. ಆದ್ರ ಹೆಸರು ಹಾಕಿದ್ ಕೂಡ್ಲೆ ಹಳೇದು ಬರ್ತದ್ರಿ. ಈ ಅಜ್ಜಿದು ಮುಗದದ ಅಂತ ತೋರಸ್ತದ."

ಮನೆಯಲ್ಲಿ ಮೊಮ್ಮಗಳು, "ಸಾಕ್ ಬಿಡು ಆಯಿ, ಹೆಸರರೆ ಉಳೀತು," ಎಂದಳು. ಅವಳ ಮೇಲೆ ರೇಗಲಿಲ್ಲ. ನನ್ನ ಸಿಟ್ಟು ಅವಳದಲ್ಲ, ಅವಳಿಗೆ ಯಾಕೆ ಕೊಡಲಿ. ಆ ಮುಖಂಡರು ಮಳೆಗಾಲಕ್ಕೆ ಮುಂಚೆಯೇ ತೀರಿಕೊಂಡರು. ಸರಕಾರಿ ಗೌರವದಿಂದ ಮಣ್ಣು ಮಾಡಿದ್ದನ್ನು ಟಿವಿಯಲ್ಲಿ ತೋರಿಸಿದರು. ಊಟ ಮಾಡುತ್ತ ನೋಡಿದೆ. ಹೂಂ ಅಂದವರಲ್ಲಿ ಇನ್ನು ಯಾರು ಉಳಿದಿದ್ದಾರೋ ನನಗೆ ತಿಳಿಯದು. ತಿಳಿಸುವವರೂ ಇಲ್ಲ.

ಹೋದ ತಿಂಗಳು ಗಂಡನ ಊರಲ್ಲಿ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ, ಸತ್ತಳು. ಮಣ್ಣಿಗೆಂದು ಬಬಲೇಶ್ವರದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ಐವತ್ತಿರಬಹುದು, ಮಾತಿನ ಮಲ್ಲಿ. ಊರು ಹತ್ತಿರ ಬಂದಾಗ ಕಂಡಕ್ಟರ್ ನನ್ನ ಗಂಡನ ಹೆಸರು ಹಿಡಿದು, ಆ ಕಮಾನಿನ ಹತ್ತಿರ ಇಳಿಯುವವರು ಯಾರು ಎಂದು ಕೂಗಿದ. ನಾನು ಎದ್ದೆ.

"ಆ ಮನಷ್ಯಾ ದೊಡ್ಡಾಂವ," ಎಂದಳು ಆಕೆ. "ಗಡ್ಯಾಗ ಹೊಡದಾಡಿ ಸತ್ತಾನ."

"ಗಡ್ಯಾಗಲ್ಲ. ಲಂಕಾದಾಗ."

"ಲಂಕಾದಾಗ? ಅಲ್ಲಿ ನಮ್ಮ ಮಂದೀದೇನ್ ಕೆಲಸ?"

"ಅದು ಗೊತ್ತಿಲ್ಲ."

ಆಕೆ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದಳು. "ಗೊತ್ತಿಲ್ದಿದ್ರ ಮಾತಾಡಬಾರ್ದು ಬೇ. ಅಷ್ಟ ದೊಡ್ಡಕ್ಷರದಾಗ ಬರದಾರ. ಓದಾಕ ಬರ್ತದಿಲ್ಲೋ ನಿನಗ?"

ಬರ್ತದ ಎಂದೆ. ಕಂಡಕ್ಟರ್ ಲಗೂನ ಇಳಿ ಎಂದು ಬಾಗಿಲು ಬಡಿಯುತ್ತಿದ್ದ, ಇಳಿದೆ.